ಮೆಚ್ಚುವವನ ಹಕ್ಕು

ತಾನು ಕೇಳಿ ಸುಖಪಟ್ಟ ಸಂಗೀತವನ್ನು ಇತರರಿಗೂ ಕೇಳಿಸಬೇಕೆಂಬ ಆಸೆ ರಸಿಕನಾದವನಿಗೆ ಸಹಜ. ಒಬ್ಬನೇ ಕುಳಿತು ಉಂಡ ಹಬ್ಬದೂಟದಂತೆ, ಒಬ್ಬನೇ ಕೇಳಿದ ಹಾಡಿಗೂ ಅರ್ಧ ರುಚಿಯೇ. ಆದರೆ ಈ ಒಳ್ಳೆಯ ಆಸೆಯೊಳಗೆ ಒಂದು ಅಧಿಕಾರವೂ ಅಡಗಿರುತ್ತದೆ. 'ಇದನ್ನು ಕೇಳಿ' ಎನ್ನುವವನು 'ಇದು ಹೀಗೆಯೇ ಇರಬೇಕು' ಎಂದೂ ವಿಧಿಸಬಹುದೆ?

ಅಮೆರಿಕದ ಅಪಲೇಚಿಯನ್ ಬೆಟ್ಟಸೀಮೆಯ ಸಂಗೀತದಲ್ಲಿ ಇದಕ್ಕೊಂದು ನಿದರ್ಶನವಿದೆ. ಹಳೆಯ ಗಾಯಕ ಕ್ಲಾರೆನ್ಸ್ ಆಶ್ಲಿಯವರ ಹಾಡುಗಳನ್ನು ಧ್ವನಿಮುದ್ರಿಸಿಕೊಳ್ಳಲು 1960ರಲ್ಲಿ ರಾಲ್ಫ್ ರಿನ್‌ಜ್ಲರ್ ಎಂಬ ಸಂಗೀತಪ್ರೇಮಿ ಅಲ್ಲಿಗೆ ಹೋದರು. ಆಶ್ಲಿಯವರ ಜೊತೆಗಾರರಲ್ಲಿ ಡಾಕ್ ವಾಟ್ಸನ್ ಒಬ್ಬರು. ಹಸುಳೆತನದಲ್ಲೇ ದೃಷ್ಟಿ ಕಳೆದುಕೊಂಡವರು; ಸಂಸಾರವಂದಿಗರು; ಊರಿನ ಕುಣಿತದ ಮೇಳದಲ್ಲಿ ವಿದ್ಯುತ್ ಗಿಟಾರ್ ನುಡಿಸುತ್ತಿದ್ದವರು. ರಿನ್‌ಜ್ಲರ್ ಅವರಿಗೆ ಬೇಕಾಗಿದ್ದುದು ಹಿಂದಿನವರ ಮರದ ಗಿಟಾರಿನ ನಾದ. ವಿದ್ಯುತ್ ವಾದ್ಯ ಬೇಡವೆಂದರು.

ಮುಂದೆ ವಾಟ್ಸನ್ ಮರದ ಗಿಟಾರ್ ಹಿಡಿದೇ ನಗರಗಳ ವೇದಿಕೆ ಏರಿದರು. 1963ರ ನ್ಯೂಪೋರ್ಟ್ ಜಾನಪದ ಉತ್ಸವದಲ್ಲಿ ಹೆಸರಾದರು. 2012ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಅವರು ಲೋಕವಿಖ್ಯಾತರು. ಹಾಗಾದರೆ ರಿನ್‌ಜ್ಲರ್ ಅವರ ಹಟವೇ ಸರಿಯೆನ್ನೋಣವೆ?

ತುಸು ತಾಳಬೇಕು. ಬಿಲ್ ಮನ್ರೊ 1940ರ ದಶಕದಲ್ಲಿ ರೂಪಿಸಿದ ಬ್ಲೂಗ್ರಾಸ್ ಶೈಲಿಯಲ್ಲಿ ಪಿಟೀಲು, ಬ್ಯಾಂಜೊ, ಮ್ಯಾಂಡೊಲಿನ್‌ಗಳದೇ ಮೇಲುಗೈ. ಗಿಟಾರಿಗೆ ಬಹುಮಟ್ಟಿಗೆ ಲಯ ಹಿಡಿಯುವ ಕೆಲಸ. ಪಿಟೀಲಿನ ಮಟ್ಟುಗಳನ್ನು ವಾಟ್ಸನ್ ಗಿಟಾರಿನಲ್ಲಿ ಅದೇ ವೇಗದಿಂದ ನುಡಿಸಿ ತೋರಿಸಿದ ಮೇಲೆ ಬ್ಲೂಗ್ರಾಸ್ ಗಿಟಾರ್‌ವಾದಕರೂ ಆ ದಾರಿ ಹಿಡಿದರು. ಈ ಕೈಚಳಕ ಬಂದದ್ದೆಲ್ಲಿಂದ? ಕುಣಿತದ ಮೇಳದಲ್ಲಿ ಪಿಟೀಲುಗಾರನಿರಲಿಲ್ಲ. ಕುಣಿಯುವವರಿಗೆ ಪಿಟೀಲಿನ ಮಟ್ಟು ಬೇಕಿತ್ತು. ವಾಟ್ಸನ್ ಅದನ್ನು ವಿದ್ಯುತ್ ಗಿಟಾರಿನ ಮೇಲೆಯೇ ಸಾಧಿಸಿಕೊಂಡರು. ಶುದ್ಧವೆಂದು ಲೋಕ ಮೆಚ್ಚಿದ ಕಲೆ, ರಸಿಕನು ಬೇಡವೆಂದು ದೂರವಿಟ್ಟ ವಾದ್ಯದಲ್ಲೇ ಪಳಗಿತ್ತು!

ರಿನ್‌ಜ್ಲರ್ ಅವರ ಉಪಕಾರ ಸಣ್ಣದಲ್ಲ. ಅವರಿಲ್ಲದಿದ್ದರೆ ದೂರದ ನಮಗೆ ವಾಟ್ಸನ್‌ರ ವಾದನ ಕೇಳಿಬರುತ್ತಿತ್ತೋ ಇಲ್ಲವೋ. ಆದರೂ ಇಂಥ ಕಲಾವಿದರನ್ನು ರಸಿಕರು 'ಕಂಡುಹಿಡಿದರು' ಎನ್ನುವ ಮಾತು ಸಲ್ಲದು. ಅವರ ಊರಿನವರಿಗೆ ಅವರು ಮೊದಲೇ ಗೊತ್ತಿದ್ದವರು, ಗೊತ್ತಿಲ್ಲದಿದ್ದವರು ನಾವು. ಮೆಚ್ಚುವವನಿಗೆ ಮೆಚ್ಚುವ ಹಕ್ಕುಂಟು, ಹತ್ತು ಜನರನ್ನು ಕರೆತರುವ ಹಕ್ಕೂ ಉಂಟು. ಕಲಾವಿದನ ಕೈಯಲ್ಲಿ ಯಾವ ವಾದ್ಯವಿರಬೇಕೆಂಬುದನ್ನು ಮಾತ್ರ, ಅವನ ಬದುಕನ್ನು ಬಲ್ಲ ಅವನಿಗೇ ಬಿಡುವುದು ಲೇಸು. ವಾಚಕರು ವಾಟ್ಸನ್‌ರ ವಾದನವನ್ನು ಅವಶ್ಯ ಕೇಳಬೇಕು. ಕೇಳುವಾಗ, ಕುಣಿತಕ್ಕೆ ನೆರೆದಿದ್ದ ಆ ಹಳ್ಳಿಯ ಜನರನ್ನೂ ನೆನೆಯಬೇಕು. ಆ ಸಂಗೀತದಲ್ಲಿ ಅವರ ಪಾಲೂ ಇದೆ.