ಭಾರ ಎಲ್ಲಿಗೆ ಹೋಗುತ್ತೆ?

ಚಾರಣಕ್ಕೆ ಹೋಗುವ ಮುಂಚೆ ಟೂತ್‌ಬ್ರಶ್ಶಿನ ಹಿಡಿಯನ್ನು ಅರ್ಧಕ್ಕೆ ಕತ್ತರಿಸುವವರನ್ನು ನೋಡಿದ್ದೀರಾ? ನನ್ನ ಗೆಳೆಯನೊಬ್ಬ ಅಂಥವನು. ಹೊಸಪೇಟೆ ಕಡೆಯವನು, ಈಗ ಸಿಯಾಟಲ್‌ನಲ್ಲಿದ್ದಾನೆ. ಬೆನ್ನಿಗೆ ಹಾಕಿಕೊಳ್ಳುವ ಪ್ರತಿಯೊಂದು ವಸ್ತುವನ್ನೂ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ, ಎಕ್ಸೆಲ್ ಶೀಟಿನಲ್ಲಿ ಗ್ರಾಂ ಲೆಕ್ಕದಲ್ಲಿ ಬರೆದಿಡುತ್ತಾನೆ. ಟೆಂಟು ಇಷ್ಟು, ಸ್ಟೌವ್ ಇಷ್ಟು, ಸಾಕ್ಸ್ ಇಷ್ಟು.

ಹೋದ ವರ್ಷ ಒಂದು ಭಾನುವಾರ ಫೋನ್ ಮಾಡಿದ. "ಲೇ, ಅಲಾಸ್ಕಾಕ್ಕೆ ಹೊಂಟೀನಿ. ಡೆನಾಲಿ. ಆರು ದಿನ. ಒಂದು ರಿವಾಲ್ವರ್ ತಗೋಬೇಕು ಅಂತ ಮಾಡೀನಿ. ದೊಡ್ಡ ಗುಂಡಿಂದು, ಆದ್ರೆ ಹಗುರ ಇರ್ಬೇಕು."

ನಾನು ನಕ್ಕೆ. ಅವನು ನಗಲಿಲ್ಲ.

ಅವನು ಎಚ್-1ಬಿ ವೀಸಾದಲ್ಲಿದ್ದಷ್ಟು ದಿನ ಈ ಪ್ರಶ್ನೆಯೇ ಇರಲಿಲ್ಲ. ಬೇಟೆಯ ಲೈಸೆನ್ಸಿನಂಥ ಕೆಲವು ವಿನಾಯಿತಿ ಬಿಟ್ಟರೆ, ಆ ವೀಸಾದವರು ಬಂದೂಕು ಇಟ್ಟುಕೊಳ್ಳುವುದನ್ನು ಅಮೆರಿಕದ ಫೆಡರಲ್ ಕಾನೂನೇ ತಡೆಯುತ್ತದೆ. ಗ್ರೀನ್ ಕಾರ್ಡ್ ಬಂತು, ಬಾಗಿಲು ತೆರೆಯಿತು. 2010ರಿಂದ ರಾಷ್ಟ್ರೀಯ ಉದ್ಯಾನಗಳ ಒಳಗೂ, ಆಯಾ ರಾಜ್ಯದ ಕಾನೂನಿಗೆ ಒಳಪಟ್ಟು, ಬಂದೂಕು ಒಯ್ಯಬಹುದು. ಒಯ್ಯಬಹುದು ಎನ್ನುವುದು ಇತ್ಯರ್ಥವಾಗಿದೆ. ಒಯ್ಯಬೇಕಾ ಎನ್ನುವುದು ನಮ್ಮಿಬ್ಬರ ಜಗಳ.

ಅವನು ಕಣ್ಣಿಟ್ಟಿದ್ದು ಸ್ಮಿತ್ ಅಂಡ್ ವೆಸನ್ ಕಂಪನಿಯ 329ಪಿಡಿ ಎನ್ನುವ ಮಾದರಿಯ ಮೇಲೆ. ಪಾಯಿಂಟ್ 44 ಮ್ಯಾಗ್ನಂ ತೋಟಾ ಹಾಕುವಂಥದ್ದು. ಗುಂಡಿನ ಅಡ್ಡಳತೆ ಹೆಚ್ಚುಕಡಿಮೆ 11 ಮಿ.ಮೀ. ಐವತ್ತರ ದಶಕದಲ್ಲಿ ಈ ತೋಟಾ ಬಂದಾಗ ಅದಕ್ಕೆ ಮಾಡಿದ್ದು ಭಾರೀ ಉಕ್ಕಿನ ರಿವಾಲ್ವರ್‌ಗಳನ್ನು. ಈಗಲೂ ಅದೇ ಕಂಪನಿಯ ನಾಲ್ಕಿಂಚು ನಳಿಕೆಯ ಉಕ್ಕಿನ ಮಾದರಿ ಸುಮಾರು 1,180 ಗ್ರಾಂ ತೂಗುತ್ತದೆ. 329ಪಿಡಿಯ ಚೌಕಟ್ಟು ಸ್ಕ್ಯಾಂಡಿಯಂ ಬೆರೆಸಿದ ಅಲ್ಯೂಮಿನಿಯಂ, ತೋಟಾ ತುಂಬುವ ಸಿಲಿಂಡರ್ ಟೈಟಾನಿಯಂ. ತೂಕ ಸುಮಾರು 710 ಗ್ರಾಂ. ಅರ್ಧ ಕೆ.ಜಿ.ಯಷ್ಟು ಉಳಿತಾಯ. ಟೂತ್‌ಬ್ರಶ್ ಕತ್ತರಿಸುವ ಮನುಷ್ಯನಿಗೆ ಇದಕ್ಕಿಂತ ಆಸೆ ಹುಟ್ಟಿಸುವ ವಸ್ತು ಇನ್ನೇನಿದೆ?

ಆದರೆ ಭಾರ ಅಂದರೆ ಅಷ್ಟು ಸುಲಭಕ್ಕೆ ಮಾಯವಾಗುವ ವಸ್ತುವಲ್ಲ. ಪಿಯುಸಿ ಫಿಸಿಕ್ಸ್ ನೆನಪಿಸಿಕೊಳ್ಳಿ. ಗುಂಡು ಮುಂದಕ್ಕೆ ಹೋಗುವ ಆವೇಗದಷ್ಟೇ ಬಂದೂಕಿಗೆ ಹಿಂದಕ್ಕೆ ಸಿಗುತ್ತದೆ. ಅದೇ ತೋಟಾ, ಆದರೆ ಬಂದೂಕು ಹಗುರ ಅಂದರೆ ಅದು ಹೆಚ್ಚು ವೇಗವಾಗಿ ಹಿಂದಕ್ಕೆ ಒದೆಯುತ್ತದೆ. ಈ ಎರಡು ಮಾದರಿಗಳ ನಡುವೆ ಒದೆತದ ಶಕ್ತಿ ಒಂದೂವರೆ ಪಟ್ಟಿಗೂ ಜಾಸ್ತಿಯಾಗುತ್ತೆ. ಬೆನ್ನಿನಿಂದ ಇಳಿಸಿದ ಅರ್ಧ ಕೆ.ಜಿ. ಮಣಿಕಟ್ಟಿಗೆ ಹತ್ತಿ ಕೂರುತ್ತದೆ. ಇನ್ನೊಂದು ತೊಂದರೆಯೂ ಉಂಟು. ಒದೆತ ಜೋರಾದಾಗ ಸಿಲಿಂಡರಿನಲ್ಲಿ ಉಳಿದ ತೋಟಾಗಳ ಗುಂಡು ಸಡಿಲಗೊಂಡು ಮುಂದಕ್ಕೆ ಜಾರಬಹುದು. ಆಗ ಸಿಲಿಂಡರ್ ತಿರುಗದೆ ಸಿಕ್ಕಿಹಾಕಿಕೊಳ್ಳುತ್ತೆ. ಅತ್ಯಂತ ಬೇಕಾದ ಹೊತ್ತಿನಲ್ಲೇ.

ಇದಕ್ಕಿಂತ ದೊಡ್ಡ ವಿಷಯ ಅಭ್ಯಾಸದ್ದು. ಕೈ ನೋಯಿಸುವ ಬಂದೂಕಿನಲ್ಲಿ ಯಾರೂ ಅಭ್ಯಾಸ ಮಾಡುವುದಿಲ್ಲ. ಕಂದು ಕರಡಿ ಗಂಟೆಗೆ 55 ಕಿ.ಮೀ. ಆಸುಪಾಸಿನಲ್ಲಿ ಓಡಬಲ್ಲದು. ಮೂವತ್ತು ಮೀಟರ್ ದೂರದಿಂದ ನುಗ್ಗಿದರೆ ನಿಮಗೆ ಸಿಗುವುದು ಎರಡು ಸೆಕೆಂಡು. ಆ ಎರಡು ಸೆಕೆಂಡಿನಲ್ಲಿ ಕೆಲಸಕ್ಕೆ ಬರುವುದು ಕೈಗೆ ಕೂತ ರೂಢಿ ಮಾತ್ರ. ಹಗುರ ಅಂತ ಕೊಂಡವನು ಬಂದೂಕನ್ನು ಒಯ್ಯುತ್ತಾನೆ, ರೂಢಿಯನ್ನು ಮನೆಯಲ್ಲಿ ಬಿಟ್ಟುಹೋಗುತ್ತಾನೆ.

ಇಲ್ಲಿಯವರೆಗೆ ಹೇಳಿದ್ದು ಜಾಣತನದ ಲೆಕ್ಕ. ನನ್ನನ್ನು ಕಾಡಿದ್ದು ಇನ್ನೊಂದು.

ನಾವು ರಜಾ ಹಾಕಿ, ದುಡ್ಡು ಕೊಟ್ಟು, ಖುಷಿಗೆ ಅಂತ ಕರಡಿಯ ಮನೆಗೆ ಹೋಗುತ್ತೇವೆ. ಹೋಗುವುದರಲ್ಲಿ ಅಪಾಯ ಇದೆ ಅಂತ ಗೊತ್ತಿದ್ದೇ ಹೋಗುತ್ತೇವೆ. ಆ ಅಪಾಯವನ್ನು ಯಾರು ಹೊರಬೇಕು? ಸೊಂಟದಲ್ಲಿ ರಿವಾಲ್ವರ್ ಇಟ್ಟುಕೊಂಡಾಗ ನಾವು ಮಾಡುವುದು ಇಷ್ಟೇ: ಸಮಯ ಬಂದರೆ ನನ್ನ ಖುಷಿಯ ಬೆಲೆಯನ್ನು ನೀನು ಕೊಡು ಅಂತ ಕರಡಿಗೆ ಮೊದಲೇ ಚೀಟಿ ಬರೆದಿಡುವುದು.

ಪ್ರಾಣಕ್ಕೆ ಬಂದಾಗ ಯಾರೇ ಆದರೂ ತಮ್ಮನ್ನು ಕಾಪಾಡಿಕೊಳ್ಳಬಹುದು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಅಲಾಸ್ಕಾದ ಕಾನೂನೂ ಒಪ್ಪುತ್ತದೆ. ಆದರೆ ಅದರ ಷರತ್ತುಗಳನ್ನು ನೋಡಿ. ಪ್ರಾಣಿಯನ್ನು ಕೆಣಕಿ ಆ ಸಂದರ್ಭ ತಂದುಕೊಂಡಿರಬಾರದು, ಕಸ ಎಲ್ಲೆಂದರಲ್ಲಿ ಬಿಟ್ಟು ತಂದುಕೊಂಡಿರಬಾರದು, ಅದರ ನೆಲೆಯೊಳಗೆ ಅವಿವೇಕದಿಂದ ನುಗ್ಗಿಯೂ ತಂದುಕೊಂಡಿರಬಾರದು. ಕೊಂದರೆ ಕರಡಿಯ ಚರ್ಮ ಮತ್ತು ತಲೆಬುರುಡೆಯನ್ನು ತೆಗೆದು ಸರ್ಕಾರಕ್ಕೆ ಒಪ್ಪಿಸಬೇಕು, ವರದಿ ಬರೆದುಕೊಡಬೇಕು. ಅಂದರೆ ಕಾನೂನು ಗುಂಡು ಹಾರಿದ ಕ್ಷಣವನ್ನು ಮಾತ್ರ ಕೇಳುವುದಿಲ್ಲ, ಆ ಕ್ಷಣಕ್ಕೆ ನೀನು ನಡೆದು ಬಂದ ದಾರಿಯನ್ನೂ ಕೇಳುತ್ತದೆ. ನೈತಿಕ ಪ್ರಶ್ನೆಯೂ ಅಲ್ಲೇ ಇರುವುದು. ಎರಡು ಸೆಕೆಂಡಿನಲ್ಲಿ ಮಾಡಿದ್ದಕ್ಕಿಂತ, ಎರಡು ತಿಂಗಳು ಮೊದಲು ಪ್ಯಾಕಿಂಗ್ ಲಿಸ್ಟ್ ಬರೆಯುವಾಗ ಮಾಡಿದ್ದಕ್ಕೆ ನಾವು ಹೆಚ್ಚು ಹೊಣೆ.

ಬೇರೆ ದಾರಿ ಇಲ್ಲದಿದ್ದರೆ ಮಾತು ಬೇರೆ. ಆದರೆ ಇದೆ. ಮೆಣಸಿನಕಾಯಿಯ ಖಾರದ ಸತ್ವ ತುಂಬಿದ ಕರಡಿ ಸ್ಪ್ರೇ. ಅಲಾಸ್ಕಾದಲ್ಲಿ 1985ರಿಂದ 2006ರವರೆಗೆ ಸ್ಪ್ರೇ ಬಳಸಿದ ಘಟನೆಗಳನ್ನು ಟಾಮ್ ಸ್ಮಿತ್ ಮತ್ತು ಸಂಗಡಿಗರು 2008ರಲ್ಲಿ ಅಧ್ಯಯನ ಮಾಡಿದರು. ಕಂದು ಕರಡಿಗಳ ವಿಷಯದಲ್ಲಿ ನೂರಕ್ಕೆ 92 ಸಲ ಅದು ಕೆಲಸ ಮಾಡಿತ್ತು. 2012ರಲ್ಲಿ ಅದೇ ತಂಡ ಬಂದೂಕಿನ 269 ಘಟನೆಗಳನ್ನು ನೋಡಿತು. ಕೈಬಂದೂಕಿನ ಯಶಸ್ಸು ನೂರಕ್ಕೆ 84. ಎರಡನ್ನೂ ಪಕ್ಕಪಕ್ಕ ಇಟ್ಟು ತೀರ್ಪು ಕೊಡುವುದು ಸರಿಯಲ್ಲ, ಯಾಕೆಂದರೆ ಘಟನೆಗಳ ಸ್ವರೂಪ ಒಂದೇ ಅಲ್ಲ. ಆದರೂ ಎರಡನೇ ಅಧ್ಯಯನದ ಒಂದು ಮಾತು ಮುಖ್ಯ: ಬಂದೂಕು ಇದ್ದವರಲ್ಲಿ ಅದನ್ನು ಬಳಸಿದವರಿಗೂ ಬಳಸದವರಿಗೂ ಗಾಯದ ಪ್ರಮಾಣದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಸ್ಪ್ರೇ ಕೆಲಸ ಮಾಡಿದರೆ ಇಬ್ಬರೂ ಮನೆಗೆ ಹೋಗುತ್ತಾರೆ. ಗುಂಡು ಕೆಲಸ ಮಾಡಿದರೆ ಒಬ್ಬರೇ.

ಇದನ್ನೆಲ್ಲ ಹೇಳಿದೆ. ಅವನು ಸುಮ್ಮನೆ ಕೇಳಿಸಿಕೊಂಡು, "ಬೆಂಗಳೂರಾಗ ಕುಂತು ಹೇಳೋದು ಸುಲಭ ಐತಿ. ಗಾಳಿ ಎದುರಿಗೆ ಬೀಸ್ತಿದ್ರೆ ಸ್ಪ್ರೇ ನನ್ನ ಕಣ್ಣಿಗೇ ಬರ್ತದ. ಜೋಡಿಗೆ ನಿನ್ನ ಮಗ ಇದ್ರೂ ಹಿಂಗ ಮಾತಾಡ್ತಿದ್ಯಾ?" ಅಂದ.

ಪ್ರಾಮಾಣಿಕವಾಗಿ ಹೇಳುತ್ತೇನೆ, ಮಗ ಇದ್ದಿದ್ದರೆ ಕರಡಿಯ ಹಕ್ಕು ನನಗೆ ನೆನಪಾಗುತ್ತಿರಲಿಲ್ಲ. ಅಲ್ಲೇ ಹುಟ್ಟಿ ಬೆಳೆದು, ಮೀನು ಹಿಡಿದು, ಬೇಟೆಯಾಡಿ ಬದುಕುವವರು, ಕಾಡಿನಲ್ಲೇ ಕೆಲಸ ಇರುವವರು ಬಂದೂಕು ಇಟ್ಟುಕೊಂಡರೆ ಪ್ರಶ್ನಿಸಲು ನಾನು ಯಾರು? ಅವರಿಗೆ ಆ ಕಾಡಿಗೆ ಹೋಗದೆ ಇರುವ ಆಯ್ಕೆ ಇಲ್ಲ. ನಮಗೆ ಇದೆ. ಆಯ್ಕೆ ಇರುವವರ ಹೊಣೆ ಯಾವಾಗಲೂ ಒಂದು ಕೈ ಹೆಚ್ಚೇ. ಅಷ್ಟು ಭಾರ ಹೊರಲಾಗದಿದ್ದರೆ ಮಗನನ್ನು ಕರೆದುಕೊಂಡು ಬೇರೆ ಬೆಟ್ಟಕ್ಕೆ ಹೋಗಬಹುದು.

ಅವನ ಮನಸ್ಸು ಬದಲಾಗಿದ್ದು ನನ್ನ ಮಾತಿನಿಂದಲ್ಲ. ಸಹೋದ್ಯೋಗಿಯೊಬ್ಬರ ಹಗುರ ರಿವಾಲ್ವರ್ ಇಸಕೊಂಡು ಶೂಟಿಂಗ್ ರೇಂಜಿಗೆ ಹೋದನಂತೆ. ಐದು ಗುಂಡು ಹೊಡೆದು ಕೆಳಗಿಟ್ಟ. ಅಂಗೈ ಕೆಂಪಾಗಿತ್ತು. ವಾಪಸ್ ಬರುವಾಗ ಕಾರಿನಲ್ಲಿ ಅವನಿಗೆ ಹೊಳೆದದ್ದು: ಆರು ದಿನ ಸರಿ, ಉಳಿದ 359 ದಿನ ಇದು ಎಲ್ಲಿರುತ್ತೆ? ಮನೆಯಲ್ಲಿ ಐದು ವರ್ಷದ ಮಗಳಿದ್ದಾಳೆ. ಅಮೆರಿಕದಲ್ಲಿ ಬಂದೂಕಿನಿಂದಾಗುವ ಸಾವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಆತ್ಮಹತ್ಯೆಗಳು. ಮನೆಯ ಕಪಾಟಿನಲ್ಲಿ ಕೂತ ಬಂದೂಕು ಕರಡಿಗಾಗಿ ಕಾಯುವುದಿಲ್ಲ. ಯಾರದೋ ಒಂದು ಕೆಟ್ಟ ಸಂಜೆಗೆ ಕಾಯುತ್ತದೆ. "ಎಕ್ಸೆಲ್ ಶೀಟಿನಾಗ ಅದಕ್ಕೊಂದು ಕಾಲಮ್ಮೇ ಇರ್ಲಿಲ್ಲ ನೋಡು" ಅಂದ.

ಒಂದು ತಮಾಷೆ ಕೇಳಿ. ವಿಮಾನದಲ್ಲಿ ಬಂದೂಕನ್ನು ಖಾಲಿ ಮಾಡಿ, ಬೀಗ ಹಾಕಿದ ಪೆಟ್ಟಿಗೆಯಲ್ಲಿಟ್ಟು, ಘೋಷಿಸಿ ಲಗೇಜಿಗೆ ಹಾಕಬಹುದು. ಕರಡಿ ಸ್ಪ್ರೇಯನ್ನು ಲಗೇಜಿಗೂ ಹಾಕುವಂತಿಲ್ಲ. ಹಾಗಾಗಿ ಅಲಾಸ್ಕಾದಲ್ಲೇ ಎರಡು ಡಬ್ಬಿ ಕೊಂಡ. ಅದರ ಮೇಲೆ ಊಟ ಇಡಲು ಉದ್ಯಾನದವರು ಕೊಡುವ, ಕರಡಿ ತೆರೆಯಲಾಗದ ಡಬ್ಬ, ಒಂದು ಕೆ.ಜಿ. ಆಸುಪಾಸು. ರಿವಾಲ್ವರ್‌ಗಿಂತ ಭಾರ. ಗೊಣಗದೆ ಹೊತ್ತನಂತೆ.

ಅಲ್ಲಿನ ರೇಂಜರ್‌ಗಳು ಹೇಳುವ ಮೊದಲ ಪಾಠ, ನಡೆಯುವಾಗ ಸದ್ದು ಮಾಡಿ, ಕರಡಿಗೆ ನೀವು ಬರುವುದು ಗೊತ್ತಾಗಲಿ. ಅವನಿಗೆ ಇದು ಹೊಸದೇನಲ್ಲ. ದರೋಜಿ ಕರಡಿಧಾಮದ ಕಡೆ ಅವರ ಹೊಲ. ಅವನಜ್ಜ ನಸುಕಿನಲ್ಲಿ ಶೇಂಗಾ ಹೊಲಕ್ಕೆ ಹೋಗುವಾಗ ಕೋಲು ಬಡಿಯುತ್ತ, ಗಟ್ಟಿಯಾಗಿ ಕೂಗುತ್ತ ಹೋಗುತ್ತಿದ್ದರಂತೆ. ಡೆನಾಲಿಯ ಪೊದೆಗಳ ನಡುವೆ ಇವನೂ ಆರು ದಿನ ಅದನ್ನೇ ಕೂಗಿದ: "ಬಂದೇವಪ್ಪೋ, ದಾರಿ ಬಿಡೋ!"

ಕರಡಿ ಒಂದೇ ಸಲ ಕಂಡಿತಂತೆ, ದೂರದ ಇಳಿಜಾರಿನಲ್ಲಿ. ತಲೆ ಎತ್ತಿ ನೋಡಿ, ಮತ್ತೆ ಹಣ್ಣು ತಿನ್ನತೊಡಗಿತು. ಇವನು ಒಂದು ಗಂಟೆ ಸುತ್ತು ಹಾಕಿಕೊಂಡು ಬೇರೆ ದಾರಿ ಹಿಡಿದ.