ಆಯುಧವೂ ಅಪ್ಪಣೆಯೂ

ನಮ್ಮ ತಂದೆಯವರು ತೀರಿಕೊಂಡು, ಹದಿಮೂರನೆಯ ದಿನದ ಕಾರ್ಯಗಳೆಲ್ಲ ಮುಗಿದ ಮೇಲೆ, ಯಲಹಂಕದ ಮನೆಯಲ್ಲಿ ಅವರ ಕಬ್ಬಿಣದ ಬೀರುವನ್ನು ತೆರೆದೆವು. ಪಂಚೆಗಳು, ತೋಟ ಮಾರಿದ ಕಾಗದಪತ್ರಗಳು, ನಶ್ಯದ ಡಬ್ಬಿ. ಇವುಗಳ ಹಿಂದೆ, ಮೇಲ್ತಟ್ಟಿನಲ್ಲಿ, ಟವಲಿನಲ್ಲಿ ಸುತ್ತಿಟ್ಟ ಎರಡು ವಸ್ತುಗಳಿದ್ದುವು. ಒಂದು, ಕಾನ್ಪುರದ ಸರ್ಕಾರಿ ಕಾರ್ಖಾನೆಯಲ್ಲಿ ತಯಾರಾದ .32 ರಿವಾಲ್ವರ್. ಇನ್ನೊಂದು, ಮುತ್ತಜ್ಜನ ಕಾಲದ್ದೆಂದು ಮನೆಯಲ್ಲಿ ಹೇಳಿಕೊಂಡು ಬಂದಿದ್ದ, ಬಾಯಿಯಿಂದ ಮದ್ದು ತುಂಬುವ ಪಿಸ್ತೂಲು. ತುಕ್ಕು ತಿಂದು ಅದರ ಕುದುರೆ ಅಲುಗಾಡುವಂತೆಯೂ ಇರಲಿಲ್ಲ.

ಮೊದಲನೆಯದರ ವಿಚಾರ ನನಗೆ ಗೊತ್ತಿತ್ತು. ಸಕಲೇಶಪುರದ ಕಡೆ ನಮಗೊಂದು ಸಣ್ಣ ಕಾಫಿ ತೋಟವಿದ್ದ ಕಾಲದಲ್ಲಿ, ಆಳುಗಳ ಬಟವಾಡೆಯ ಹಣವನ್ನು ಕಾಡುದಾರಿಯಲ್ಲಿ ತರಬೇಕಾಗಿದ್ದುದರಿಂದ, ತಂದೆಯವರು ಪರವಾನಗಿ ಪಡೆದಿದ್ದರು. ನಾನು ಕಂಡಂತೆ ಒಮ್ಮೆಯೂ ಹಾರಿಸಿದವರಲ್ಲ. ಚುನಾವಣೆ ಬಂದಾಗ ಠಾಣೆಗೆ ಒಪ್ಪಿಸಿ ರಸೀತಿ ತರುತ್ತಿದ್ದರು. ಆ ದಿನಗಳಲ್ಲಿ ಅವರಿಗೆ ನಿದ್ರೆ ಚೆನ್ನಾಗಿ ಬರುತ್ತಿತ್ತೆಂದು ನಮ್ಮ ತಾಯಿ ಹೇಳುವುದುಂಟು.

ಕಾನೂನು ಈ ಎರಡು ವಸ್ತುಗಳನ್ನು ಬೇರೆ ಬೇರೆ ಕಣ್ಣಿನಿಂದ ನೋಡುತ್ತದೆ. 1959ರ ಆಯುಧ ಕಾಯಿದೆಯ ಪ್ರಕಾರ, ಹಳೆಯ ಮಾದರಿಯದಾಗಿ, ದುರಸ್ತಿ ಮಾಡಿದರೂ ಗುಂಡು ಹಾರಿಸಲಾಗದ ವಸ್ತು ಆಯುಧವೆಂಬ ಲೆಕ್ಕಕ್ಕೇ ಬರುವುದಿಲ್ಲ. 2020ರಲ್ಲಿ ಕೇಂದ್ರ ಗೃಹ ಸಚಿವಾಲಯ ಹೊರಡಿಸಿದ ಅಧಿಸೂಚನೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಕುತೂಹಲದ ಪ್ರಾಚೀನ ವಸ್ತುವೆನಿಸುವ ಸಣ್ಣ ಆಯುಧಗಳನ್ನು ಮನೆಯಲ್ಲಿಟ್ಟುಕೊಳ್ಳಲು ಭಾರತದ ಪ್ರಜೆಗೆ ಪರವಾನಗಿ ಬೇಡವೆಂದಿತು. ಬಳಸುವುದಕ್ಕೂ ಹೊರಗೆ ಒಯ್ಯುವುದಕ್ಕೂ ಮಾತ್ರ ಬೇಕು. ರಿವಾಲ್ವರಿನ ಮಾತು ಹಾಗಲ್ಲ. ಒಡೆಯ ತೀರಿಕೊಂಡ ಕೂಡಲೆ ಅದು ಠಾಣೆಗೋ ಪರವಾನಗಿ ಪಡೆದ ವ್ಯಾಪಾರಿಯ ಬಳಿಗೋ ಹೋಗಬೇಕು. ವಾರಸುದಾರ ತನ್ನ ಹೆಸರಿನಲ್ಲಿ ಅರ್ಜಿ ಹಾಕಿಕೊಳ್ಳಬಹುದು. ಬೆಂಗಳೂರಿನಲ್ಲಿ ಆ ಅರ್ಜಿ ಪೊಲೀಸ್ ಕಮೀಷನರರಿಗೆ.

ಅರ್ಜಿಯನ್ನು ತಂದೆ. ವೈದ್ಯರ ಪ್ರಮಾಣಪತ್ರ ಬೇಕು, ತರಬೇತಿಯ ಪತ್ರ ಬೇಕು, ಠಾಣೆಯ ವರದಿ ಬೇಕು, ಇವೆಲ್ಲ ಸರಿಯೇ. ನನ್ನ ಪೆನ್ನು ನಿಂತದ್ದು, ಆಯುಧ ಏಕೆ ಬೇಕು ಎಂಬ ಪ್ರಶ್ನೆಯ ಮುಂದೆ. ತಂದೆಯವರಿಗೆ ಕಾಡುದಾರಿಯಿತ್ತು. ಕಾಲೇಜಿನಲ್ಲಿ ಪಂಪನನ್ನೂ ಕುಮಾರವ್ಯಾಸನನ್ನೂ ಪಾಠ ಹೇಳಿ, ಹೆಬ್ಬಾಳದ ಮೇಲ್ಸೇತುವೆಯಲ್ಲಿ ಅರ್ಧ ಗಂಟೆ ನಿಂತು ಮನೆಗೆ ಬರುವ ನನಗೆ ಯಾರ ಭಯ? ಸಂಬಳವಂತೂ ಬ್ಯಾಂಕಿಗೇ ಹೋಗುತ್ತದೆ. ಪ್ರಾಣಭಯವಿದೆಯೆಂದು ಬರೆದರೆ ಸುಳ್ಳು. ತಂದೆಯ ನೆನಪಿಗಾಗಿ ಎಂದು ಬರೆದರೆ, ನೆನಪಿಗೆ ಗುಂಡುಗಳೇಕೆ ಎಂದು ಯಾರಾದರೂ ಕೇಳಬಹುದು.

ಆ ವಾರವೇ ತರಗತಿಯಲ್ಲಿ ಹಲಗಲಿಯ ಬೇಡರ ಲಾವಣಿಯ ಪಾಠ ಬಂದುದು ಕಾಕತಾಳೀಯ. 1857ರಲ್ಲಿ ಆಯುಧಗಳನ್ನು ಒಪ್ಪಿಸಬೇಕೆಂಬ ಕಂಪನಿಯ ಆಜ್ಞೆಯನ್ನು ಧಿಕ್ಕರಿಸಿ ಮುಧೋಳ ಸೀಮೆಯ ಆ ಬೇಡರು ಹೋರಾಡಿದರು. ಊರು ಬೆಂಕಿಗೆ ಹೋಯಿತು, ಹಿಡಿಯಲ್ಪಟ್ಟವರಲ್ಲಿ 19 ಮಂದಿಯನ್ನು ನೇಣಿಗೇರಿಸಿದರು. ಆ ಲಾವಣಿಯನ್ನು ಸಂಗ್ರಹಿಸಿದವನು ಫ್ಲೀಟ್, ಅವನೂ ಬ್ರಿಟಿಷ್ ಅಧಿಕಾರಿಯೇ. ಅಹಿಂಸೆಯ ಆಚಾರ್ಯರಾದ ಗಾಂಧೀಜಿ ಕೂಡ, ಒಂದು ಜನಾಂಗವನ್ನೇ ನಿಶ್ಶಸ್ತ್ರಗೊಳಿಸಿದ ಕಾಯಿದೆಯನ್ನು ಬ್ರಿಟಿಷ್ ಆಳ್ವಿಕೆಯ ಅತ್ಯಂತ ಕರಾಳ ಕೃತ್ಯವೆಂದು 1918ರಲ್ಲಿ ಖಂಡಿಸಿದ್ದರು. ಪಾಠ ಹೇಳುವಾಗ ನನ್ನ ಧ್ವನಿ ಎಂದಿನಂತೆ ಏರಿತು. ಮಾರನೆಯ ದಿನ ಸಣ್ಣ ಸಂಕೋಚವಾಯಿತು. ಬೇಡರಿಗೆ ಆಯುಧವೆಂದರೆ ಅನ್ನ, ಮಾನ. ಅದನ್ನು ಕೇಳಿದವನು ಪರಕೀಯ. ನನ್ನಲ್ಲಿ ಕೇಳುತ್ತಿರುವುದು ನಾನೇ ಮತ ಕೊಟ್ಟು ಆರಿಸಿದ ಸರ್ಕಾರ. ಹಲಗಲಿಯ ಹೆಸರು ಹೇಳಿ ಯಲಹಂಕದಲ್ಲಿ ರಿವಾಲ್ವರ್ ಇಟ್ಟುಕೊಳ್ಳುವುದು ಅವರ ಸಾವಿಗೆ ಮಾಡುವ ಅವಮಾನವಲ್ಲವೆ?

ನಮ್ಮ ಇಲಾಖೆಯ ಪಕ್ಕದ ಇಲಾಖೆಯಲ್ಲಿ ಕೊಡವ ಮಿತ್ರರೊಬ್ಬರಿದ್ದಾರೆ. ಅವರಿಗೆ ಈ ಪ್ರಶ್ನೆಯೇ ವಿಚಿತ್ರವೆನಿಸಿತು. ನಮ್ಮ ಕಬ್ಬನ್ ಪಾರ್ಕಿನ ಕಬ್ಬನ್ ಸಾಹೇಬರು 1861ರಲ್ಲಿ ಕೊಡವರಿಗೆ ಕೊಟ್ಟ ವಿನಾಯಿತಿ ಇಂದಿಗೂ ನಡೆದುಬಂದಿದೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಅದನ್ನು 2019ರಲ್ಲಿ ಇನ್ನೂ ಹತ್ತು ವರ್ಷ ಮುಂದುವರಿಸಲಾಯಿತು. ಹುಟ್ಟಿನ ಆಧಾರದ ಮೇಲೆ ಹೀಗೆ ಭೇದ ಸಲ್ಲದೆಂದು ಕೆಲವರು ಮೊರೆಹೋದಾಗ ಹೈಕೋರ್ಟು 2021ರಲ್ಲಿ ವಿನಾಯಿತಿಯನ್ನು ಎತ್ತಿಹಿಡಿಯಿತು. "ಮಗ ಹುಟ್ಟಿದರೆ ಒಂದು ಗುಂಡು, ಮನೆಯಲ್ಲಿ ಸಾವಾದರೆ ಎರಡು, ಕೈಲ್‌ಪೊಳ್ದಿನಲ್ಲಿ ಕೋವಿಗೆ ತೋಕ್‌ಪೂ ಮುಡಿಸುತ್ತೇವೆ. ಇದಕ್ಕೆ ಕಾರಣ ಬರೆ ಎಂದರೆ ಏನು ಬರೆಯಲಿ?" ಎಂದರು. ನನಗೆ ಅವರ ಮೇಲೆ ಅಸೂಯೆಯಾಯಿತು ಎಂಬುದನ್ನು ಮುಚ್ಚಿಡುವುದಿಲ್ಲ. ಅವರಲ್ಲಿ ವಂಶವನ್ನೋ ಭೂಮಿಯನ್ನೋ ಕೇಳುತ್ತಾರೆ, ನನ್ನಲ್ಲಿ ಭಯವನ್ನು ಕೇಳುತ್ತಾರೆ. ಮಾನಕ್ಕೆ ಇಟ್ಟುಕೊಳ್ಳುವವನಿಗೆ ಕೈ ಕಟ್ಟಿ ನಿಲ್ಲುವ ಕಷ್ಟವಿಲ್ಲ. ಅಂಜುಬುರುಕನೆಂದು ಒಪ್ಪಿಕೊಂಡವನಿಗೆ ಮಾತ್ರ ಅಪ್ಪಣೆ. ಆದರೆ ಮಿತ್ರರೇ ಇನ್ನೊಂದು ಮಾತು ಸೇರಿಸಿದರು. ಆ ವಿನಾಯಿತಿ ಕೋವಿ, ರೈಫಲುಗಳದ್ದು, ಪಿಸ್ತೂಲಿಗಲ್ಲ. ಕೋವಿಗೆ ಕಾಡುಹಂದಿಯುಂಟು, ಹಬ್ಬವುಂಟು. ಕೈಚೀಲದಲ್ಲಿ ಅಡಗುವ ರಿವಾಲ್ವರಿಗೆ ಮನುಷ್ಯನಲ್ಲದೆ ಬೇರೆ ಗುರಿಯೇನಿದೆ?

ಹೆಬ್ಬಾಳದಲ್ಲಿ 2018ರಲ್ಲಿ ಮೋರಿ ಅಗೆಯುವಾಗ ಸಿಕ್ಕ ವೀರಗಲ್ಲನ್ನು ಓದುಗರು ಕೇಳಿರಬಹುದು. ಗಂಗರ ಶ್ರೀಪುರುಷನ ಕಾಲದಲ್ಲಿ, ಸುಮಾರು 750ರಲ್ಲಿ, ಊರಿನ ಮೇಲೆ ಬಿದ್ದ ದಾಳಿಯನ್ನು ಎದುರಿಸಿ ಮಡಿದ ಕಿತ್ತಯ್ಯನ ಕಲ್ಲು ಅದು. ವಿದ್ಯಾರ್ಥಿಗಳನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೇನೆ. ಕಿತ್ತಯ್ಯನ ಆಯುಧ ಊರಿನವರ ಕಣ್ಣೆದುರು ಇದ್ದ ಆಯುಧ. ಬೀರುವಿನ ಮೇಲ್ತಟ್ಟಿನದು ಹಾಗಲ್ಲ.

ಹಾಗಲ್ಲವೆಂದು ತಿಳಿದದ್ದು ತರ್ಕದಿಂದಲ್ಲ. ಠಾಣೆಗೆ ಒಪ್ಪಿಸುವುದನ್ನು ನಾಳೆ ನಾಳೆ ಎಂದು ಎರಡು ವಾರ ಮುಂದೂಡಿದ್ದೆ, ತಪ್ಪು ನನ್ನದೇ. ಆ ನಡುವೆ ಒಂದು ಸಂಜೆ, ನಮ್ಮ ಗೇಟಿಗೆ ಅಡ್ಡವಾಗಿ ಕಾರು ನಿಲ್ಲಿಸಿದ ಯುವಕನೊಡನೆ ಮಾತಿಗೆ ಮಾತು ಬೆಳೆಯಿತು. ಅವನು ಏಕವಚನದಲ್ಲಿ ಮಾತನಾಡಿದ, ತಳ್ಳಲೂ ಬಂದ. ಇಂಥ ಜಗಳಗಳಲ್ಲಿ ನಾನು ಸಾಮಾನ್ಯವಾಗಿ ಗೊಣಗಿಕೊಂಡು ಒಳಗೆ ಹೋಗುವವನು. ಅಂದು ಹೋಗಲಿಲ್ಲ. ಕದಲದೆ ನಿಂತೆ, ಕುತ್ತಿಗೆ ನೆಟ್ಟಗಾಯಿತು, ಧ್ವನಿ ತಣ್ಣಗಾಯಿತು. ಆ ಹೊತ್ತಿನಲ್ಲಿ ನನ್ನ ಮನಸ್ಸು ಒಳಗೆ ಹೋಗಿ ಬೀರುವಿನ ಮೇಲ್ತಟ್ಟನ್ನು ಮುಟ್ಟಿ ಬಂದಿತ್ತು. ಕೈ ಹೋಗಲಿಲ್ಲ, ನಿಜ. ಆದರೆ ನನ್ನ ಧೈರ್ಯ ನನ್ನದಾಗಿರಲಿಲ್ಲ. ಯುವಕ ಏನನ್ನು ಕಂಡನೋ, ಕಾರು ತೆಗೆದ. ಗೆದ್ದೆನೆಂಬ ಸಂತೋಷ ಎರಡು ನಿಮಿಷ ಇದ್ದಿತು. ಆಮೇಲೆ ಕಾಲು ನಡುಗಿತು. ವೈದ್ಯರು ನನ್ನ ಕಣ್ಣು, ಕಿವಿ, ಬುದ್ಧಿಗಳಿಗೆ ಪ್ರಮಾಣಪತ್ರ ಕೊಡಬಲ್ಲರು. ಆ ಎರಡು ನಿಮಿಷಕ್ಕೆ ಯಾರು ಕೊಡುತ್ತಾರೆ?

ಮರುದಿನ ಬೆಳಿಗ್ಗೆ ಠಾಣೆಗೆ ಹೋದೆ. ಪೇದೆಯೊಬ್ಬರು ನಂಬರು ಓದಿ, ಗುಂಡುಗಳನ್ನು ಎಣಿಸಿ, ರಸೀತಿ ಬರೆದು ಕೊಟ್ಟರು. "ನಿಮ್ಮ ಹೆಸರಿಗೆ ಮಾಡಿಸಿಕೊಳ್ಳುತ್ತೀರಾ ಸಾರ್?" ಎಂದು ಕೇಳಿದರು. ಯೋಚಿಸಿ ಹೇಳುತ್ತೇನೆ ಎಂದೆ. ಇಲ್ಲವೆನ್ನಲು ಬಾಯಿ ಬರಲಿಲ್ಲ. ಅರ್ಜಿ ನನ್ನ ಮೇಜಿನ ಮೇಲೆ ಅರ್ಧ ತುಂಬಿದಂತೆಯೇ ಇದೆ. ಹಳೆಯ ಪಿಸ್ತೂಲನ್ನು ಈ ಸಲದ ಆಯುಧಪೂಜೆಯಲ್ಲಿ ಕತ್ತಿ, ಕೊಡಲಿ, ನನ್ನ ಸ್ಕೂಟರಿನ ಕೀಲಿಕೈಗಳ ಪಕ್ಕದಲ್ಲಿಟ್ಟೆವು. ನಮ್ಮ ತಾಯಿ ಎಲ್ಲಕ್ಕೂ ಕುಂಕುಮವಿಟ್ಟರು. ಅದರ ಬಳಿ ಬಂದಾಗ ಮಾತ್ರ ಕೊಳವೆಯ ಬಾಯನ್ನು ಗೋಡೆಯ ಕಡೆಗೆ ತಿರುಗಿಸಿ, ಆಮೇಲೆ ಇಟ್ಟರು.