ನೆರೆಯವನ ಪಾಲು



ಪ್ರವಾದಿಯವರ (ಸ) ಅನುಚರ ಅಬ್ದುಲ್ಲಾ ಇಬ್ನ್ ಅಮ್ರ್ (ರ) ಅವರ ಮನೆಯಲ್ಲಿ ಒಮ್ಮೆ ಕುರಿ ಕೊಯ್ದಿದ್ದರು. ಅವರು ಮನೆಗೆ ಬಂದವರೇ, ಯಹೂದಿ ನೆರೆಯವನಿಗೆ ಪಾಲು ಹೋಯಿತೇ ಎಂದು ಕೇಳಿದರು. ಒಂದು ಸಲ ಕೇಳಿ ಸುಮ್ಮನಾಗಲಿಲ್ಲ, ಮತ್ತೆ ಕೇಳಿದರು. ಹದೀಸ್ ಸಂಗ್ರಹಗಳಾದ ತಿರ್ಮಿದಿಯಲ್ಲೂ ಅಬೂದಾವೂದ್‌ನಲ್ಲೂ ಈ ವರದಿ ಇದೆ.

ದುಬೈನ ಡೇರಾದ ಅಲ್ ಮುರಕ್ಕಬಾತ್‌ನಲ್ಲಿ ನಮ್ಮ ನೆರೆಯವನು ಗೋಡೆಯ ಆಚೆಗಿಲ್ಲ, ಅದೇ ಮಂಚದ ಮೇಲಂತಸ್ತಿನಲ್ಲಿ ಮಲಗಿರುತ್ತಾನೆ. ಒಂದೇ ಸ್ಟೌ, ಒಂದೇ ಫ್ರಿಜ್, ಬಾತ್‌ರೂಮಿಗೆ ಸರದಿ. 2025ರ ಜೂನ್‌ನಲ್ಲಿ ದುಬೈ ಮುನಿಸಿಪಾಲಿಟಿ ಇಲ್ಲಿಯೂ ಪಕ್ಕದ ರಿಗ್ಗಾದಲ್ಲಿಯೂ ಕೋಣೆಗಳೊಳಗಿನ ಅಕ್ರಮ ಪಾರ್ಟಿಷನ್‌ಗಳ ಮೇಲೆ ಕ್ರಮ ಕೈಗೊಂಡಿತು. ಜನರ ಸುರಕ್ಷತೆಗೆ ಅದು ಬೇಕಾದದ್ದೇ. ಆದರೆ ಸೂರು ಕಳೆದುಕೊಂಡವನು ಬೆಡ್‌ಸ್ಪೇಸ್ ಹುಡುಕುತ್ತಾ ಬಂದಾಗ ನಾವು ಅವನನ್ನು ಮೊದಲು ಕೇಳುವುದೇನು? ಹೆಸರು. ಹೆಸರಿನಿಂದ ಧರ್ಮ ತಿಳಿದ ಮೇಲೆ, ‘ಜಾಗ ತುಂಬಿದೆ’ ಎಂಬ ಸುಳ್ಳು.

ಅಡುಗೆಮನೆಯ ಎಚ್ಚರವನ್ನು ನಾನು ತಪ್ಪೆನ್ನುವುದಿಲ್ಲ. ನಮಗೆ ಹಲಾಲ್‌ನ ಕಾಳಜಿಯಿದೆ, ಸಸ್ಯಾಹಾರಿ ಗೆಳೆಯನಿಗೆ ತನ್ನ ಪಾತ್ರೆಯ ಕಾಳಜಿಯಿದೆ. ಅದಕ್ಕೆ ಬೇರೆ ಬೇರೆ ಶೆಲ್ಫ್ ಇಟ್ಟುಕೊಂಡರೆ ಸಾಕು. ‘ಆ ಜನರನ್ನು ನಂಬಬಾರದು’ ಎನ್ನುವುದು ಮಾತ್ರ ಬೇರೆಯೇ ರೋಗ. ಕುರ್‌ಆನಿನ ಅಲ್ ಹುಜುರಾತ್ ಅಧ್ಯಾಯ ಗುಮಾನಿಯನ್ನೂ ಅಪಹಾಸ್ಯವನ್ನೂ ಅಡ್ಡಹೆಸರನ್ನೂ ಒಟ್ಟಿಗೇ ನಿಷೇಧಿಸಿದೆ.

ನಿಮ್ಮಲ್ಲಿ ಕೆಲವರ ಮನಸ್ಸಿನಲ್ಲಿ ಒಂದು ಪ್ರಶ್ನೆ ಇದೆ, ಗೊತ್ತು: ಊರಿನಲ್ಲಿ ನಮಗೆ ಆದದ್ದೇನು? 2022ರ ಮಾರ್ಚ್‌ನಲ್ಲಿ ಕಾಪುವಿನ ಮಾರಿಪೂಜೆಯಲ್ಲಿ ಮುಸ್ಲಿಮರ ಅಂಗಡಿಗಳಿಗೆ ಜಾಗ ಸಿಗಲಿಲ್ಲ. ಮುಲ್ಕಿಯ ಬಪ್ಪನಾಡಿನಲ್ಲೂ ನಿಷೇಧದ ಫಲಕ ಎದ್ದಿತು. ಮುಸ್ಲಿಂ ವ್ಯಾಪಾರಿ ಬಪ್ಪ ಬ್ಯಾರಿ ಕಟ್ಟಿಸಿದನೆಂದು ಊರೇ ಹೇಳುವ ದೇಗುಲವದು, ಅವನ ಮನೆತನಕ್ಕೆ ಪ್ರಸಾದ ಸಲ್ಲುವ ಪದ್ಧತಿ ಇರುವ ಕ್ಷೇತ್ರ. ತಲೆತಲಾಂತರದಿಂದ ಜಾತ್ರೆಯಲ್ಲಿ ಬಳೆ, ಆಟಿಕೆ ಮಾರಿ ಬದುಕಿದವರ ಹೊಟ್ಟೆಯ ಮೇಲೆ ಬಿದ್ದ ಹೊಡೆತವದು. ಆ ನೋವನ್ನು ಮರೆಯಿರಿ ಎಂದು ನಾನು ಹೇಳಲಾರೆ. ಆದರೆ ಆ ಫಲಕ ಬರೆದವನು ನಿಮ್ಮ ಬಾಗಿಲಲ್ಲಿ ಚೀಲ ಹಿಡಿದು ನಿಂತಿರುವ ಉಡುಪಿಯ ಹುಡುಗನಲ್ಲ. ಅವನಿಗೆ ಬಾಗಿಲು ಮುಚ್ಚಿದರೆ ಅದೇ ಫಲಕವನ್ನು ನಾವು ಡೇರಾದಲ್ಲಿ ನೆಟ್ಟಂತೆ.

ಧರ್ಮ, ಜಾತಿ, ಬಣ್ಣದ ಹೆಸರಿನ ಭೇದಭಾವವನ್ನು ಯುಎಇಯ 2015ರ ಶಾಸನ ಅಪರಾಧವೆಂದು ಸಾರಿತು, 2023ರಲ್ಲಿ ಅದರ ಜಾಗಕ್ಕೆ ಹೊಸ ಶಾಸನ ಬಂತು. ವಾಟ್ಸಾಪ್‌ನಲ್ಲಿ ದ್ವೇಷ ಹಂಚುವವನು ಅದಕ್ಕೆ ಹೆದರಿಯಾದರೂ ಕೈ ತಡೆದಾನು. ಎದೆಯೊಳಗಿನ ಗುಮಾನಿಗೆ ಲೆಕ್ಕ ಕೇಳುವವನು ಅಲ್ಲಾಹನೊಬ್ಬನೇ.

ಆ ಗುಮಾನಿ ಸಾವಿನ ಮುಂದೆ ನಿಲ್ಲುವುದಿಲ್ಲ. ಇಲ್ಲಿ ಯಾರಾದರೂ ತೀರಿಕೊಂಡಾಗ ಏನಾಗುತ್ತದೆ ಎಂದು ನೀವೇ ನೋಡಿದ್ದೀರಿ. ಪೊಲೀಸ್ ಕಾಗದ, ಕಾನ್ಸುಲೇಟ್, ಸೋನಾಪುರದ ಎಂಬಾಮಿಂಗ್ ಕೇಂದ್ರ, ಏರ್‌ಪೋರ್ಟ್ ಎಂದು ಓಡಾಡುವವರು ರೂಮಿನವರೇ. ಊರಿನಲ್ಲಿರುವ ಅವನ ತಾಯಿಗೆ ಫೋನ್ ಮಾಡುವವರೂ ಅವರೇ. ಯಹೂದಿಯೊಬ್ಬನ ಶವ ಹಾದುಹೋದಾಗ ಪ್ರವಾದಿಯವರು (ಸ) ಎದ್ದು ನಿಂತರು. ಅವನು ಯಹೂದಿ ಎಂದು ಯಾರೋ ನೆನಪಿಸಿದಾಗ, ಅವನೂ ಒಂದು ಜೀವವಲ್ಲವೇ ಎಂದು ಕೇಳಿದರು. ಶವಕ್ಕೆ ಸಲ್ಲಿಸುವ ಗೌರವ ಬದುಕಿರುವವನಿಗೇಕೆ ಬೇಡ?

ಈ ತಿಂಗಳು ಯಾರ ರೂಮಿನಲ್ಲಿ ಮಂಚ ಖಾಲಿಯಾಗುತ್ತದೋ ಅವರು ಬಾಡಿಗೆ, ಅಡುಗೆಯ ನಿಯಮ, ದೀಪ ಆರಿಸುವ ಹೊತ್ತು ಇಷ್ಟನ್ನೇ ಬರೆದು ಅಂಟಿಸಿ. ಬಂದವನಿಗೆ ನಿಮ್ಮ ನಮಾಝಿನ ವೇಳೆ ತಿಳಿಸಿ. ಅವನ ಪ್ರಾರ್ಥನೆಯ ವೇಳೆ ಯಾವುದೆಂದು ನೀವಾಗಿ ಕೇಳಿ, ಆಗ ನಿಮ್ಮ ಮೊಬೈಲಿನ ಸದ್ದು ತಗ್ಗಿಸಿ.